ಎಂಟು ತೋಳ ಕರೆಸಿದರೆ ಆಟ ಯಾಕೆ ನಿಂತುಹೋಗುತ್ತದೆ?

[ಸ್ಕ್ರೀನ್ ಮೇಲೆ: ಮೇಜು, ಎಂಟು ಪುಟ್ಟ ತೋಳದ ಗೊಂಬೆಗಳು, ಪಕ್ಕದಲ್ಲಿ ಆರಿದ ಟೀ]

ನಮಸ್ಕಾರ. ಒಮ್ಮೆ ಗೆಳೆಯರ ಜೊತೆ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ (ಡಿ ಆ್ಯಂಡ್ ಡಿ) ಎಂಬ, ಮೇಜಿನ ಸುತ್ತ ಕೂತು ದಾಳ ಹಾಕಿ ಪಾತ್ರ ವಹಿಸುವ ಆಟ ಆಡುವಾಗ ನಾನು ಎಂಟು ತೋಳ ಕರೆಸಿದೆ. 2014ರ ನಿಯಮಪುಸ್ತಕದ 'ಕಾಂಜರ್ ಅನಿಮಲ್ಸ್' ಮಂತ್ರ. ಗುಂಪಾಗಿ ಮುತ್ತಿದ ತೋಳಕ್ಕೆ ಪ್ರತಿ ಕಡಿತಕ್ಕೂ ಎರಡು ದಾಳ. ಒಟ್ಟು 16 ದಾಳ! ನನಗೆ ಹಬ್ಬ. ಉಳಿದವರು ಸುಮ್ನೆ ಮೊಬೈಲ್ ತೆಗೆದರು.

ಹೀಗೆ ಕರೆಸುವುದಕ್ಕೆ ಆಟದಲ್ಲಿ 'ಸಮನ್' ಅನ್ನುತ್ತಾರೆ. ಕೋರ್ಟಿನ ಸಮನ್ಸ್ ಅಲ್ಲ ಬಿಡಿ. ಮಂತ್ರ ಹಾಕಿ ಒಂದು ಜೀವಿಯನ್ನು ಕಾಳಗಕ್ಕೆ ಕರೆಸುವುದು. 'ಆವಾಹನೆ' ಅನ್ನಬಹುದಿತ್ತು, ಆದರೆ ಗೇಮ್ ಆಡುವವರ ಬಾಯಲ್ಲಿ ಅದು ಹೊರಳುವುದಿಲ್ಲ.

ಆ ಜೀವಿಗೆ ಬಲ ಎಷ್ಟಿರಬೇಕು ಅನ್ನುವುದು ಅಂಥ ದೊಡ್ಡ ತಲೆನೋವಲ್ಲ. ತಲೆನೋವು ಸರದಿಯದು. ಚೌಕಾಬಾರದಲ್ಲಿ ನಾಲ್ಕೋ ಎಂಟೋ ಬಿದ್ದರೆ ಇನ್ನೊಮ್ಮೆ ಕವಡೆ ಹಾಕಬಹುದು. ಆ ಒಂದು ಸಲಕ್ಕೇ ಎಷ್ಟು ಜಗಳ, ಅಲ್ವಾ? ಸಮನ್ ಮಾಡುವವನಿಗೆ ಅದು ಪ್ರತಿ ಸುತ್ತಿನಲ್ಲೂ ಬಿಟ್ಟಿ.

[ಸ್ಕ್ರೀನ್ ಮೇಲೆ: 2014, 2020, 2024]

ಡಿ ಆ್ಯಂಡ್ ಡಿ ಬರೆಯುವವರಿಗೂ ಇದು ಅರ್ಥವಾಯಿತು. 2020ರಲ್ಲಿ ಹೊಸ ಮಂತ್ರಗಳು ಬಂದವು: ಹಿಂಡು ಬೇಡ, ಒಂದೇ ಜೀವಿ. ಮಂತ್ರದ ಮಟ್ಟ ಏರಿದ ಹಾಗೆ ಅದೂ ಬಲಿಯುತ್ತದೆ. 2024ರಲ್ಲಿ ಕಾಂಜರ್ ಅನಿಮಲ್ಸ್ ಮಂತ್ರವನ್ನೇ ತಿದ್ದಿದರು. ಈಗ ಬರುವುದು ನೆರಳಿನಂಥ ಒಂದು ಹಿಂಡು, ಹತ್ತಿರ ಹೋದವರಿಗೆ ಪೆಟ್ಟು. ಬೇಗ ಮುಗಿಯುತ್ತದೆ, ನಿಜ. ಆದರೆ ನನ್ನ ತೋಳಕ್ಕೆ ಹೆಸರಿಡುವ ಸುಖ ಹೋಯಿತು.

ಇಂಥದೇ ಇನ್ನೊಂದು ಮೇಜಿನ ಆಟ ಪಾತ್‌ಫೈಂಡರ್. ಅದರ ಎರಡನೇ ಆವೃತ್ತಿ ಸರದಿಗೇ ಬೆಲೆ ಕಟ್ಟಿತು. ಒಂದು ಸರದಿಯಲ್ಲಿ ನಿಮಗಿರುವ ಮೂರು ಆ್ಯಕ್ಷನ್‌ಗಳಲ್ಲಿ ಒಂದನ್ನು ಕೊಟ್ಟರೆ, ಕರೆಸಿದ ಜೀವಿಗೆ ಎರಡು ಸಿಗುತ್ತದೆ. ಪಕ್ಕಾ ಅಂಗಡಿ ಲೆಕ್ಕ.

ನನಗೆ ಜಾಸ್ತಿ ಇಷ್ಟವಾದದ್ದು 2001ರ ವಿಡಿಯೋ ಗೇಮ್ ಫೈನಲ್ ಫ್ಯಾಂಟಸಿ 10. ಅಲ್ಲಿ ಯೂನಾ ಎಂಬವಳು 'ಏಯಾನ್' ಎಂಬ ಜೀವಿಯೊಂದನ್ನು ಕರೆಸಿದಳೆಂದರೆ ಉಳಿದವರೆಲ್ಲ ಕಣದಿಂದ ಆಚೆ. ಏಯಾನ್‌ಗೆ ಅದರದೇ ಪ್ರಾಣ, ಅದರದೇ ಹೊಡೆತ, ಆಡಿಸುವುದು ನೀವೇ. ಸರದಿ ಕೂಡಲಿಲ್ಲ, ಕೈ ಬದಲಾಯಿತು ಅಷ್ಟೇ. ಆಟಗಾರರು ಬಿಡುತ್ತಾರೆಯೇ? ಬಾಸ್‌ನ, ಅಂದರೆ ದೊಡ್ಡ ಎದುರಾಳಿಯ, ಭಾರಿ ಹೊಡೆತ ಬರುವ ಹೊತ್ತಿಗೆ ಏಯಾನ್ ಕರೆಸಿ ಗುರಾಣಿ ಮಾಡಿಕೊಂಡರು. ಪಾಪ, ಅಷ್ಟು ಚೆಂದದ ಜೀವಿ! ಆದರೆ ಸೀಮೋರ್ ಫ್ಲಕ್ಸ್ ಎಂಬ ಬಾಸ್ ಹತ್ತಿರ ಈ ಆಟ ನಡೆಯುವುದಿಲ್ಲ. ಅವನು ಏಯಾನನ್ನೇ ಓಡಿಸಿಬಿಡುತ್ತಾನೆ.

[ಸ್ಕ್ರೀನ್ ಮೇಲೆ: ಓಡುತ್ತಿರುವ ಸ್ಟಾಪ್‌ವಾಚ್]

ಕಾಯಿಸುವುದರಲ್ಲಿ ಫೈನಲ್ ಫ್ಯಾಂಟಸಿ 7 ಎತ್ತಿದ ಕೈ. 1997ರ ಆ ಆಟದಲ್ಲಿ 'ನೈಟ್ಸ್ ಆಫ್ ರೌಂಡ್' ಕರೆಸಿದರೆ 13 ಯೋಧರು ಸಾಲಾಗಿ ಬಂದು ಹೊಡೆಯುತ್ತಾರೆ. ಒಂದು ನಿಮಿಷಕ್ಕೂ ಜಾಸ್ತಿ ಬರೀ ನೋಡುವುದು. ಮೊದಲ ಸಲ ರೋಮಾಂಚನ. ಹತ್ತನೇ ಸಲ ಅಡುಗೆಮನೆಗೆ ಹೋಗಿ ನೀರು ಕುಡಿದು ಬರಬಹುದು.

ಕೊನೆಯದು, 2017ರ ವಿಡಿಯೋ ಗೇಮ್ ಡಿವಿನಿಟಿ: ಒರಿಜಿನಲ್ ಸಿನ್ 2. ಇಲ್ಲಿ 'ಇನ್‌ಕಾರ್ನೇಟ್' ಎಂಬ ಜೀವಿ ತಾನು ಹುಟ್ಟಿದ ನೆಲದ ಗುಣವನ್ನೇ ಪಡೆಯುತ್ತದೆ. ಬೆಂಕಿಯ ಮೇಲೆ ಕರೆಸಿದರೆ ಬೆಂಕಿಯದು, ನೀರಿನ ಮೇಲೆ ನೀರಿನದು, ವಿಷದ ಮೇಲೆ ವಿಷದ್ದು. ಹಾಗಾಗಿ ಮಂತ್ರ ಹಾಕುವ ಮೊದಲು ನೆಲ ನೋಡಬೇಕು. ಬೇಕಾದ ನೆಲ ಇಲ್ಲದಿದ್ದರೆ? ಗೆಳೆಯನಿಗೆ ಹೇಳಿ ಬೆಂಕಿ ಹಚ್ಚಿಸಬೇಕು. ಅವತ್ತು ಮೊಬೈಲ್ ನೋಡುತ್ತಿದ್ದನಲ್ಲ, ಅದೇ ಗೆಳೆಯ.