ಪದ್ಮಿನಿಯ ರೂಫ್ ಲೈನಿಂಗ್: ಬಿಚ್ಚೋದು, ಹೊಲಿಸೋದು, ಎಳೆದು ಕೂರಿಸೋದು

[ದೃಶ್ಯ: ಕಾರಿನ ಒಳಗೆ. ಹಿಂದಿನ ಸೀಟಿನ ಮೇಲೆ ಜೋತುಬಿದ್ದ ರೆಕ್ಸಿನ್.]

ನಮಸ್ಕಾರ. ಪ್ರೀಮಿಯರ್ ಪದ್ಮಿನಿ ಅನ್ನೋ ಹಳೇ ಕಾರಿನ ರೂಫ್ ಲೈನಿಂಗ್, ಅಂದರೆ ಚಾವಣಿಯ ಒಳಹೊದಿಕೆ, ಹೀಗೆ ಜೋತುಬಿದ್ದು ತಲೆಗೆ ತಾಗೋಕೆ ಶುರುವಾದರೆ, ಹೆಚ್ಚಿನವರು ಅದನ್ನು ಹಿಡಿದು ಜಗ್ಗಿ ಹರಿದುಬಿಡ್ತಾರೆ. ದಯವಿಟ್ಟು ಹರಿಯಬೇಡಿ. ಹೊಸದನ್ನು ಹೊಲಿಯೋಕೆ ಬೇಕಾದ ನಕ್ಷೆ ಆ ಹಳೇ ರೆಕ್ಸಿನ್ನೇ.

ಮುಂಬೈ ರಸ್ತೆಗಳಲ್ಲಿ ಟ್ಯಾಕ್ಸಿ ಪದ್ಮಿನಿಯ ಕಾಲ 2023ರ ಅಕ್ಟೋಬರ್ 30ಕ್ಕೆ ಮುಗೀತು. ಮನೆಕಾರಾಗಿ ಉಳಿದವು ಮಾಟುಂಗಾ, ಮುಲುಂಡ್, ಡೊಂಬಿವಲಿಯ ವಸತಿ ಸೊಸೈಟಿಗಳಲ್ಲಿ ಕವರ್ ಹೊದ್ದು ನಿಂತಿವೆ. ಆ ಕವರಿನೊಳಗೆ ನಾಲ್ಕು ತಿಂಗಳ ಮಳೆಗಾಲದ ತೇವ ಸೇರಿಕೊಂಡು ಲೈನಿಂಗ್ ಹಾಳಾಗುತ್ತೆ.

[ದೃಶ್ಯ: ಬಿಚ್ಚಿದ ಲೈನಿಂಗ್ ಮಗುಚಿ ಹಾಸಿದೆ. ಹಿಂಬದಿಯ ಬಟ್ಟೆ ಕೊಳವೆಗಳ ಹತ್ತಿರದ ನೋಟ.]

ಈಗಿನ ಕಾರುಗಳಲ್ಲಿ ಅಚ್ಚು ಹಾಕಿದ ಬೋರ್ಡಿಗೆ ಬಟ್ಟೆ ಅಂಟಿಸಿರ್ತಾರೆ. ಇದು ಹಾಗಲ್ಲ, ಇದು ತೂಗುಹಾಕಿದ ಲೈನಿಂಗ್. ಅಡ್ಡ ಹೊಲಿಗೆಗಳ ಹಿಂದೆ ಬಟ್ಟೆಯ ಕೊಳವೆ ಇದೆ, ಕೊಳವೆಯೊಳಗೆ ಬಾಗಿದ ಕಂಬಿ, ಕಂಬಿಯ ಎರಡು ತುದಿ ಬಾಡಿಯ ಅಂಚಿನ ತೂತುಗಳಲ್ಲಿ. ನಾಲ್ಕೂ ಅಂಚು ಗಾಜಿನ ಮತ್ತು ಬಾಗಿಲ ಚೌಕಟ್ಟಿನ ತಗಡಿಗೆ ಅಂಟಿರುತ್ತೆ.

ಹಾಗಾಗಿ ಮುಂದಿನ, ಹಿಂದಿನ ಗಾಜು ಎರಡೂ ಇಳಿಯಲೇಬೇಕು. ಗಾಜು ಇಳಿಸದೆ ಬೀಡಿಂಗ್ (ಗಾಜಿನ ಸುತ್ತ ಇರೋ ರಬ್ಬರ್ ಪಟ್ಟಿ) ಸಂದಿಗೆ ರೆಕ್ಸಿನ್ ತುರುಕಿ ಕೊಡೋರೂ ಇದ್ದಾರೆ. ಅದು ಮೊದಲ ಬೇಸಿಗೆಗೇ ಕಳಚಿಕೊಳ್ಳುತ್ತೆ.

ಬ್ಯಾಟರಿ ವೈರ್ ತೆಗೆಯಿರಿ. ಸೀಟು, ಸನ್‌ವೈಸರ್, ಕನ್ನಡಿ, ಒಳಗಿನ ದೀಪ ಬಿಚ್ಚಿ. ಬಿಚ್ಚಿದ ಸ್ಕ್ರೂಗಳನ್ನು ಅವವೇ ತೂತುಗಳಿಗೆ ಎರಡು ಸುತ್ತು ಹಾಕಿಡಿ. ಯಾಕೆ ಅಂತ ಕೊನೆಯಲ್ಲಿ ಗೊತ್ತಾಗುತ್ತೆ.

ಬಿಸಿಲಿಗೆ ಕಲ್ಲಾದ ಹಳೇ ಬೀಡಿಂಗನ್ನು ಉಳಿಸಿಕೊಳ್ಳೋಕೆ ಹೋಗಬೇಡಿ. ಒಳತುಟಿಯನ್ನು ಬ್ಲೇಡಿನಿಂದ ಸುತ್ತಲೂ ಕೊಯ್ದುಬಿಡಿ. ಒಬ್ಬರು ಒಳಗಿಂದ ಅಂಗೈ ಅಗಲವಾಗಿಟ್ಟು ಮೇಲಿನ ಮೂಲೆಯನ್ನು ಮೆಲ್ಲಗೆ ಒತ್ತಬೇಕು, ಇನ್ನೊಬ್ಬರು ಹೊರಗಿಂದ ಹಿಡಿಯಬೇಕು. "ಅಣ್ಣ, ಮೂಲೆ ಬಿಡ್ತಾ ಇದೆ, ನಿಧಾನ" ಅಂತ ಹೊರಗಿನವರು ಹೇಳ್ತಾ ಇರಲಿ. ಒಂದೇ ಬಿಂದುವಿಗೆ ಒತ್ತಡ ಬಿದ್ದರೆ ಗಾಜು ಉಳಿಯಲ್ಲ.

[ದೃಶ್ಯ: ಕಂಬಿಗಳಿಗೆ ಮಾಸ್ಕಿಂಗ್ ಟೇಪ್, ಮೇಲೆ ಮಾರ್ಕರ್‌ನಿಂದ 1, 2, 3.]

ಕಂಬಿಗಳನ್ನು ಮುಂದಿನಿಂದ ಹಿಂದಕ್ಕೆ ಒಂದೊಂದಾಗಿ ಕಳಚಿ. ಕಳಚೋ ಮೊದಲೇ ನಂಬರ್, ಎಡ–ಬಲ ಬರೆಯಿರಿ. ನೋಡೋಕೆ ಎಲ್ಲ ಒಂದೇ ಥರ ಕಂಡರೂ ಒಂದೊಂದರ ಬಾಗು ಬೇರೆ. ಅದಲುಬದಲಾದರೆ ಒಂದು ಕಡೆ ಗೂನು, ಇನ್ನೊಂದು ಕಡೆ ಹಳ್ಳ. ಒಂದೇ ಕಂಬಿಗೆ ಪಕ್ಕಪಕ್ಕ ಎರಡು ತೂತು ಕಂಡರೆ, ಕಂಬಿ ಇದ್ದದ್ದು ಯಾವುದರಲ್ಲಿ ಅಂತ ಪೇಂಟ್ ಚುಕ್ಕೆ ಇಡಿ. ಮಾಸ್ಕ್ ಹಾಕಿಯೇ ಕೆಲಸ ಮಾಡಿ, ಪುಡಿಯಾದ ಹಳೇ ಸ್ಪಂಜು ನೇರ ಮೂಗಿಗೇ ಬೀಳೋದು.

ಈಗ ತಗಡು ಕಾಣುತ್ತೆ. ಗಾಜಿನ ಮೂಲೆಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ತುದಿ ಒಳಗೆ ಹೋದರೆ ಟಿಂಕರಿಂಗ್, ಅಂದರೆ ತಗಡಿನ ರಿಪೇರಿ, ಆಗಬೇಕು, ಪುಟ್ಟಿ ಮೆತ್ತಿ ಮುಚ್ಚಬೇಡಿ. ಮೇಲುತುಕ್ಕು ಮಾತ್ರ ಇದ್ದರೆ ತಂತಿ ಬ್ರಷ್, ನಂತರ ಇಪಾಕ್ಸಿ ಪ್ರೈಮರ್, ಒಂದು ದಿನ ಒಣಗಲಿ. ಶಾಖ ತಡೆಯೋಕೆ 5 ಮಿ.ಮೀ. ನೈಟ್ರೈಲ್ ಫೋಮ್ ಅಂಟಿಸಿ. ಸೀಟಿನ ಸ್ಪಂಜು ಬೇಡವೇ ಬೇಡ, ಅದು ನೀರು ಹಿಡಿದಿಟ್ಟು ಮತ್ತೆ ತುಕ್ಕು ತರುತ್ತೆ. ದಪ್ಪ ಜಾಸ್ತಿಯಾದರೆ ಕಂಬಿಗೆ ತಾಗುತ್ತೆ, ಅದಕ್ಕೆ ಅಂಟಿಸೋ ಮೊದಲು ಕಂಬಿ ಹಾಕಿ ಸಂದು ನೋಡಿಕೊಳ್ಳಿ.

ರೆಕ್ಸಿನ್ 54 ಇಂಚು ಅಗಲದ್ದು ಸಿಗುತ್ತೆ. ತೆಳ್ಳಗಿರಬೇಕು, ಹಿಂದೆ ಹೆಣಿಗೆ ಬಟ್ಟೆ ಇರಬೇಕು, ಅಡ್ಡಕ್ಕೆ ಎಳೆದರೆ ಸ್ವಲ್ಪ ಬರಬೇಕು. ಸೋಫಾ ರೆಕ್ಸಿನ್ ಮೂಲೆಗಳಲ್ಲಿ ಬಾಗಲ್ಲ. ರೂಫಿನ ಉದ್ದದ ಅಳತೆಗೆ 30 ಸೆಂ.ಮೀ. ಸೇರಿಸಿ, ಪಿಲ್ಲರ್ (ರೂಫ್ ಹೊತ್ತಿರೋ ಪಕ್ಕದ ಕಂಬಗಳು), ಸನ್‌ವೈಸರ್‌ಗೆ ಇನ್ನರ್ಧ ಮೀಟರ್.

[ದೃಶ್ಯ: ಹಳೇ ತುಂಡು ಹೊಸ ರೆಕ್ಸಿನ್ ಮೇಲೆ, ಚಾಕ್ ಗೆರೆ.]

ಹಳೇದರ ಹೊಲಿಗೆ ಬಿಚ್ಚಿ, ಒಂದೊಂದು ತುಂಡನ್ನೂ ಹೊಸದರ ಮೇಲಿಟ್ಟು ಗೆರೆ ಹಾಕಿ. ಪ್ರತಿ ತುಂಡಿನ ನಡುಮಧ್ಯಕ್ಕೆ ಸಣ್ಣ ಕಚ್ಚು ಹಾಕಿ. ಆದರೆ ನಕ್ಷೆಯೂ ಒಂದು ಕಡೆ ತಪ್ಪು ಹೇಳುತ್ತೆ: ಹಳೇ ರೆಕ್ಸಿನ್ ಒಣಗಿ ಕುಗ್ಗಿರುತ್ತೆ. ಅದಕ್ಕೆ ಹೊಲಿಗೆಯಿಂದ ಹೊಲಿಗೆಯ ದೂರವನ್ನು ಕಾರಿನಲ್ಲಿರೋ ಕಂಬಿ ತೂತುಗಳ ದೂರದ ಜೊತೆ ತಾಳೆ ನೋಡಿ, ಹೊರ ಅಂಚಿಗೆ 5 ಸೆಂ.ಮೀ. ಹೆಚ್ಚು ಬಿಡಿ. ಕೊಳವೆಗೆ ಮಾದರಪಾಟ್ ಅನ್ನೋ ಸಾದಾ ಹತ್ತಿ ಬಟ್ಟೆ, ದಾರ ಪಾಲಿಯೆಸ್ಟರ್. ಟಾಕಾ, ಅಂದರೆ ಒಂದೊಂದು ಹೊಲಿಗೆಯ ಉದ್ದ, 3ರಿಂದ 4 ಮಿ.ಮೀ. ಇರಲಿ ಅಂತ ದರ್ಜಿಗೆ ಬಿಡಿಸಿ ಹೇಳಿ. ಚಿಕ್ಕ ಟಾಕಾ ಹಾಕಿದರೆ ಅಂಚೆ ಚೀಟಿಯ ತೂತಿನ ಸಾಲಿನ ಹಾಗೆ ಎಳೆದಾಗ ಅಲ್ಲೇ ಹರಿಯುತ್ತೆ.

ಕೂರಿಸೋ ದಿನ ಲೈನಿಂಗನ್ನು ಒಂದು ಗಂಟೆ ಬಿಸಿಲಿಗೆ ಹಾಕಿ ಮೆತ್ತಗಾಗಿಸಿ. ರೂಫಿನ ನಡುವೆ ಚಾಕ್ ಗೆರೆ ಎಳೆಯಿರಿ. ಕಂಬಿ ಪೋಣಿಸಿ, ಹಿಂದಿನಿಂದ ಶುರುಮಾಡಿ ತೂಗುಹಾಕಿ, ಕಚ್ಚುಗಳು ಗೆರೆಗೆ ಬರಲಿ. ಗೋಂದು ಇನ್ನೂ ಮುಟ್ಟಬೇಡಿ. ಆಫೀಸಿನ ಕಪ್ಪು ಬೈಂಡರ್ ಕ್ಲಿಪ್ ನಲವತ್ತು–ಐವತ್ತು ತನ್ನಿ. ಮೊದಲು ಹಿಂಗಾಜಿನ ಅಂಚಿನ ನಡುವೆ, ಆಮೇಲೆ ಮುಂದಿನ ಅಂಚಿನ ನಡುವೆ ಎಳೆದು ಕ್ಲಿಪ್ ಹಾಕಿ, ನಡುವಿನಿಂದ ಮೂಲೆಗಳ ಕಡೆ ಸಾಗಿ. ಪಕ್ಕದ ಅಂಚು ಕೊನೆಗೆ.

[ದೃಶ್ಯ: ಬಾಗಿಲ ಮೇಲೆ ಹೊಲಿಗೆಯ ತುದಿಯಲ್ಲಿ ಓರೆ ಸುಕ್ಕು. ಕತ್ತರಿ ಕೊಳವೆಯ ತುದಿಗೆ.]

ಇಲ್ಲಿ ಸ್ವಲ್ಪ ನಿಲ್ಲೋಣ, ಕೆಲಸ ಕೆಡೋದು ಇಲ್ಲೇ. ಹೊಲಿಗೆಯ ತುದಿಯಿಂದ ಬಾಗಿಲ ಕಡೆ ಓರೆಯಾಗಿ ಬರ್ತಿರೋ ಈ ಸುಕ್ಕು ಎಷ್ಟು ಎಳೆದರೂ ಹೋಗಲ್ಲ. ಹೊಲಿಗೆಯ ಹಿಂದಿರೋ ಕೊಳವೆ ತುದಿಯವರೆಗೂ ಕಂಬಿಯನ್ನು ಹಿಡಿದುಕೊಂಡು ರೆಕ್ಸಿನ್ನನ್ನು ಮೇಲಕ್ಕೆ ಜಗ್ಗುತ್ತಿದೆ. ಕ್ಲಿಪ್ ಬಿಚ್ಚಿ ಕೊಳವೆಯ ತುದಿಯನ್ನಷ್ಟೇ 1 ಸೆಂ.ಮೀ. ಕತ್ತರಿಸಿ, ಮತ್ತೆ ಎಳೆದು ನೋಡಿ. ಸಾಲದಿದ್ದರೆ ಇನ್ನೊಂದು ಸೆಂ.ಮೀ. ಒಂದೇ ಸಲ 5 ಸೆಂ.ಮೀ. ಕತ್ತರಿಸಿದರೆ ಅಲ್ಲಿ ಹೊಲಿಗೆ ಜೋಲುತ್ತೆ, ಅದಕ್ಕೆ ಮದ್ದಿಲ್ಲ.

ಉಳಿದ ಸಣ್ಣ ಸುಕ್ಕಿಗೆ ದೂರದಿಂದ ಹೇರ್ ಡ್ರೈಯರ್ ಹಿಡಿಯಿರಿ. ತುಂಬ ಬಿಸಿಯಾದರೆ ರೆಕ್ಸಿನ್‌ನ ಗೆರೆ ಕರಗಿ ಹೊಳೆಯೋಕೆ ಶುರುವಾಗುತ್ತೆ. ಬಿಸಿ ಕೊಡೋದು ಗೋಂದು ಹಚ್ಚೋ ಮೊದಲೇ ಮುಗಿಯಲಿ, ಅದರ ಆವಿಗೆ ಬೆಂಕಿ ಹತ್ತುತ್ತೆ.

ಗೋಂದು ರಬ್ಬರ್ ಆಧಾರದ್ದು, ಫೆವಿಕಾಲ್ ಎಸ್‌ಆರ್ ಥರದ್ದು. ಬಾಗಿಲು ತೆರೆದಿಟ್ಟು, ತಗಡಿಗೂ ರೆಕ್ಸಿನ್‌ಗೂ ತೆಳ್ಳಗೆ ಹಚ್ಚಿ, 10–15 ನಿಮಿಷ ಬಿಡಿ. ಬೆರಳಿಗೆ ಹತ್ತದಂತಾದಾಗ ಎರಡೆರಡು ಕ್ಲಿಪ್ ತೆಗೆದು ಎಳೆದು ಒತ್ತಿ. ಈ ಕೆಲಸ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ದ್ರಾವಕ ಆರುವಾಗ ಗೋಂದಿನ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತೆ. ಮೇಲೆ ಬೆಳ್ಳನೆ ಮಬ್ಬು ಕಂಡರೆ ಅದು ನೀರೇ, ಅದರ ಮೇಲೆ ಒತ್ತಿದ ಅಂಚು ಬಿಟ್ಟುಕೊಳ್ಳುತ್ತೆ.

ಮೂಲೆಯ ತಿರುವುಗಳಲ್ಲಿ ವಿ ಆಕಾರದ ಕಚ್ಚು ಹಾಕಿ, ಆದರೆ ಬೀಡಿಂಗ್ ತುಟಿ ಮುಚ್ಚೋ ಜಾಗದೊಳಗೇ. ಒಂದು ದಿನ ಬಿಟ್ಟು ಹೆಚ್ಚಿನದನ್ನು ಕೊಯ್ಯಿರಿ. ಹೊಸ ಬೀಡಿಂಗನ್ನು ಗಾಜಿಗೆ ಹಾಕಿ, ಅದರಲ್ಲಿ ತಗಡು ಕೂರೋ ಸಂದಿನೊಳಗೆ 4 ಮಿ.ಮೀ. ನೈಲಾನ್ ಹಗ್ಗ ಸುತ್ತಿ. ಎರಡು ತುದಿಯೂ ಕೆಳಗೆ ನಡುವೆ ಒಂದರ ಮೇಲೊಂದು ಹಾಯ್ದು ಒಳಬದಿಗೆ ಬರಲಿ. ಸೋಪು ನೀರು ಹಚ್ಚಿ, ಒಬ್ಬರು ಹೊರಗಿಂದ ಅಂಗೈಯಲ್ಲಿ ತಟ್ಟುತ್ತಿರಲಿ, ನೀವು ಒಳಗಿಂದ ಹಗ್ಗ ಎಳೆಯುತ್ತಾ ಬನ್ನಿ. ತುಟಿ ತಾನಾಗಿ ತಗಡಿನ ಮೇಲೇರುತ್ತೆ.

[ದೃಶ್ಯ: ನೀಟಾಗಿ ಬಿಗಿದ ಲೈನಿಂಗ್ ಮೇಲೆ ತಡಕುತ್ತಿರುವ ಬೆರಳು.]

ಈಗ ಆ ಸ್ಕ್ರೂಗಳು. ಬೆರಳಾಡಿಸಿದರೆ ರೆಕ್ಸಿನ್ ಅಡಿಯಲ್ಲಿ ಗುಬುಟು ಸಿಗುತ್ತೆ. ಅಲ್ಲಿ ಬ್ಲೇಡಿನ ತುದಿಯಿಂದ ಪುಟ್ಟ ಅಡ್ಡಗೀರು ಹಾಕಿ ಸ್ಕ್ರೂ ಹೊರತೆಗೆದು ಸನ್‌ವೈಸರ್, ಕನ್ನಡಿ ಕೂರಿಸಿ. ದೀಪದ ತೂತನ್ನು ಎಲ್ಲದಕ್ಕಿಂತ ಕೊನೆಗೆ, ವೈರ್ ತಡಕಿ ನೋಡಿ, ದೀಪದ ಅಂಚಿಗಿಂತ ಚಿಕ್ಕದಾಗಿ ಕೊಯ್ಯಿರಿ. ಬ್ಯಾಟರಿ ವೈರ್ ಸೇರಿಸಿ, ಸ್ವಿಚ್ ಹಾಕಿ.

[ದೃಶ್ಯ: ಒಳಗಿನ ದೀಪ ಹತ್ತುತ್ತದೆ.]