ಕ್ಲಾಸಿಗೆ ಸೇರದೆ ಎಪಿ ಪರೀಕ್ಷೆ ಬರೆಯೋದು ಹೇಗೆ?

ನಮಸ್ಕಾರ. ಅಮೆರಿಕದ ಹೈಸ್ಕೂಲಿನಲ್ಲಿ ಓದುತ್ತಿದ್ದೀರಾ? ಎಪಿ ಅಂದರೆ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್, ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಪಾಠ. ಬೇಕಾದ ಎಪಿ ಕ್ಲಾಸ್ ನಿಮ್ಮ ಶಾಲೆಯಲ್ಲಿ ಇಲ್ಲವಾ? ಕ್ಲಾಸಿಗೆ ಸೇರದೆಯೂ ಪರೀಕ್ಷೆ ಬರೆಯಲು ಅದನ್ನು ನಡೆಸುವ ಸಂಸ್ಥೆ ಕಾಲೇಜ್ ಬೋರ್ಡ್ ಬಿಡುತ್ತದೆ. ಎಪಿ ಸೆಮಿನಾರ್ ಮತ್ತು ಎಪಿ ರಿಸರ್ಚ್‌ಗೆ ಮಾತ್ರ ಕ್ಲಾಸ್ ಬೇಕೇ ಬೇಕು.

[ತೆರೆಯ ಮೇಲೆ: ಕ್ಯಾಲೆಂಡರಿನ ನವೆಂಬರ್ ಪುಟ]

ಪರೀಕ್ಷೆ ಇರೋದು ಮೇ ತಿಂಗಳಲ್ಲಿ. ಹಾಗಂತ ಹೊಸ ವರ್ಷದವರೆಗೆ ಸುಮ್ನೆ ಕೂತರೆ ಕೆಟ್ಟಿರಿ. ನವೆಂಬರ್ ಮಧ್ಯದೊಳಗೆ ಹೆಸರು ಕೊಡಬೇಕು. ಎಷ್ಟೋ ಶಾಲೆಗಳು ಇನ್ನೂ ಮೊದಲೇ ಕೇಳುತ್ತವೆ. ನೀವೇ ಆನ್‌ಲೈನಿನಲ್ಲಿ ಹಣ ಕಟ್ಟಿ ಸೀಟು ಹಿಡಿಯುವ ಹಾಗಿಲ್ಲ. ಶಾಲೆಯಲ್ಲಿ ಈ ಪರೀಕ್ಷೆಗಳನ್ನು ನೋಡಿಕೊಳ್ಳುವ ಎಪಿ ಕೋಆರ್ಡಿನೇಟರ್ ಜಾಯಿನ್ ಕೋಡ್, ಅಂದರೆ ಹೆಸರು ನೋಂದಾಯಿಸುವ ಕೋಡ್, ಕೊಡಬೇಕು. ನಿಮ್ಮ ಶಾಲೆಯಲ್ಲಿ ಆ ಪರೀಕ್ಷೆ ನಡೆಯೋದಿಲ್ಲವಾದರೆ ಅಕ್ಕಪಕ್ಕದ ಶಾಲೆಗಳಿಗೆ ಫೋನ್ ಮಾಡಿ. ಹೊರಗಿನವರನ್ನು ಸೇರಿಸಿಕೊಳ್ಳಲೇಬೇಕು ಅಂತ ಅವರಿಗೇನೂ ಇಲ್ಲ. ಅದಕ್ಕೇ ಸೆಪ್ಟೆಂಬರಿನಲ್ಲೇ ಕೇಳಿಬಿಡಿ.

ಇನ್ನು ಓದು. ದಪ್ಪ ಗೈಡುಗಳಿಗೆ ಈಗಲೇ ದುಡ್ಡು ಸುರಿಯಬೇಡಿ. ಪ್ರತಿ ವಿಷಯದ ಸಿಲಬಸ್ ಪಿಡಿಎಫ್ ಕಾಲೇಜ್ ಬೋರ್ಡಿನ ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಯಾವ ಯೂನಿಟ್‌ಗೆ ಎಷ್ಟು ತೂಕ ಅನ್ನೋದೂ ಅದರಲ್ಲಿದೆ. ನನ್ನ ಕೇಳಿದರೆ ಅದಕ್ಕಿಂತ ಜಾಸ್ತಿ ಬೆಲೆಬಾಳೋದು ಹಳೆಯ ಪ್ರಶ್ನೆಗಳ ಜೊತೆ ಇರುವ ಅಂಕ ಕೊಡುವ ನಿಯಮಗಳು.

[ತೆರೆಯ ಮೇಲೆ: ನೀರಿನ ಟ್ಯಾಂಕ್, ಒಳಗೆ ಬರುವ ಪೈಪ್]

ಕ್ಯಾಲ್ಕುಲಸ್ ನೋಡೋಣ. ಟ್ಯಾಂಕಿಗೆ ನೀರು ಬರುವ ವೇಗ ಕೊಟ್ಟಿದ್ದಾರೆ, ಗಂಟೆಗೆ ಇಷ್ಟು ಲೀಟರ್ ಅಂತ. 0ರಿಂದ 8ರವರೆಗಿನ ಇಂಟಿಗ್ರಲ್‌ನ ಅರ್ಥ ಬರೆಯಿರಿ ಅನ್ನೋದು ಪ್ರಶ್ನೆ. 'ಟ್ಯಾಂಕಿನಲ್ಲಿರುವ ನೀರು' ಅಂದರೆ ತಪ್ಪು. ಮೊದಲೇ ಅದರಲ್ಲಿ ನೀರು ಇದ್ದಿರಬಹುದು, ಅಲ್ವಾ? 'ಮೊದಲ 8 ಗಂಟೆಗಳಲ್ಲಿ ಟ್ಯಾಂಕಿಗೆ ಬಂದು ಸೇರಿದ ಒಟ್ಟು ನೀರು, ಲೀಟರುಗಳಲ್ಲಿ' ಅಂತಿರಬೇಕು. ಸಮಯ, ಅಳತೆಯ ಯೂನಿಟ್ ಎರಡನ್ನೂ ಬಿಡಬೇಡಿ. ಊರಲ್ಲಿ ಪಿಯುಸಿ ಸೈನ್ಸ್ ಓದಿದ ಅಪ್ಪನೋ ಅಮ್ಮನೋ ಇಂಟಿಗ್ರೇಷನ್ ಪಟಪಟನೆ ಹೇಳಿಕೊಟ್ಟಾರು. ಆದರೆ ಇಂಥ ವಾಕ್ಯ ಬರೆಯುವ ಅಭ್ಯಾಸ ಅವರಿಗೂ ಇರಲಿಕ್ಕಿಲ್ಲ!

ಕ್ಯಾಲ್ಕುಲಸ್‌ನಲ್ಲಿ ಹೀಗೆ ಬರೆದು ಉತ್ತರಿಸುವ 6 ಪ್ರಶ್ನೆಗೆ 90 ನಿಮಿಷ. ಗಡಿಯಾರ ಇಟ್ಟುಕೊಂಡು ಬರೆಯಿರಿ. ಆಮೇಲೆ ಆ ನಿಯಮ ಹಿಡಿದು ನಿಮ್ಮ ಉತ್ತರಕ್ಕೆ ನೀವೇ ಅಂಕ ಹಾಕಿ. ಕೈ ಬಿಗಿ ಇರಲಿ.

ಯಾವ ವಿಷಯ ತಗೊಳ್ಳೋದು? ಒಬ್ಬರೇ ಓದೋದಕ್ಕೆ ಸೈಕಾಲಜಿ ಪರವಾಗಿಲ್ಲ. ಕ್ಯಾಲ್ಕುಲಸ್ ಬಾರದೆ 'ಫಿಸಿಕ್ಸ್ ಸಿ' (Physics C) ವಿಷಯಕ್ಕೆ ಕೈ ಹಾಕಬೇಡಿ. ಅಂಕ ಬರೋದು 1ರಿಂದ 5ರವರೆಗೆ. ಕೆಲವು ಕಾಲೇಜು 3ಕ್ಕೇ ಕ್ರೆಡಿಟ್, ಅಂದರೆ ಕಾಲೇಜಿನಲ್ಲೇ ಆ ವಿಷಯ ಓದಿದ ಲೆಕ್ಕ, ಕೊಡುತ್ತವೆ, ಕೆಲವು 5 ಬಂದರೂ ಕೊಡೋದಿಲ್ಲ. ಫೀಸ್ ಕಟ್ಟುವ ಮೊದಲು ನೀವು ಸೇರಬೇಕೆಂದಿರುವ ಕಾಲೇಜಿನ ಸೈಟಿನಲ್ಲಿ ಇದನ್ನು ನೋಡಿಕೊಳ್ಳಿ.