ಸಿಡಿಲು ಬಡಿದು ಎದ್ದ ಜೇಸನ್

ಎಲ್ಲರಿಗೂ ನಮಸ್ಕಾರ.

ಇನ್ನು ಸ್ವಲ್ಪ ಹೊತ್ತಿಗೆ ನಾವು ನೋಡಲಿರುವುದು 1986ರ 'ಜೇಸನ್ ಲಿವ್ಸ್'. 'ಫ್ರೈಡೇ ದಿ ಥರ್ಟೀನ್ತ್' ಸರಣಿಯ ಆರನೇ ಭಾಗ. ಮಚ್ಚು ಹಿಡಿದ ಕೊಲೆಗಾರ ಜೇಸನ್ ಬರುತ್ತಾನೆ, ಹುಡುಗ ಹುಡುಗಿಯರು ಕಿರುಚುತ್ತಾ ಓಡುತ್ತಾರೆ, ಇನ್ನೇನಿದೆ ಅದರಲ್ಲಿ ಅಂತ ಕೇಳುವವರಿದ್ದಾರೆ. ತುಂಬಾ ಇದೆ. ಈ ಸಿನಿಮಾ ಅಂದರೆ ನನಗೆ ಪ್ರಾಣ. ಯಾಕೆ ಅಂತ ಹೇಳುತ್ತೇನೆ.

ಮೊದಲು ಹಿಂದಿನ ಕಥೆ ಸ್ವಲ್ಪ. 1980ರ ಮೊದಲ ಭಾಗದಲ್ಲಿ ಕೊಲೆ ಮಾಡುವವಳು ಜೇಸನ್‌ನ ತಾಯಿ. ಎರಡನೆಯದರಲ್ಲಿ ಮಗ ಬಂದ. ಅವನ ಮುಖಕ್ಕೆ ಹಾಕಿ ಆಟಗಾರರ ಮುಖವಾಡ ಬಂದದ್ದು 1982ರ ಮೂರನೆಯದರಲ್ಲಿ. 1984ರಲ್ಲಿ ಇದೇ ಕೊನೆ ಅಂತ ಹೆಸರಿನಲ್ಲೇ ಸಾರಿ ಅವನನ್ನು ಕೊಂದರು. ಆದರೆ ಸಿನಿಮಾ ದುಡ್ಡು ಮಾಡಿತಲ್ಲ, ಮರುವರ್ಷವೇ ಐದನೆಯದು ಬಂತು. ಅದರಲ್ಲಿ ಮುಖವಾಡದ ಹಿಂದೆ ಇದ್ದವನು ಜೇಸನ್ ಅಲ್ಲವೇ ಅಲ್ಲ, ಬೇರೆ ಯಾರೋ! ನೋಡಲು ಬಂದ ಅಭಿಮಾನಿಗಳಿಗೆ ನಿರಾಸೆಯಾಯಿತು. ಹೀಗೆ ಸೊರಗಿದ ಸರಣಿ ಟಾಮ್ ಮೆಕ್‌ಲಾಫ್ಲಿನ್ ಅವರ ಕೈಗೆ ಬಂತು. ಬರೆದವರೂ ನಿರ್ದೇಶಿಸಿದವರೂ ಅವರೇ.

ಸತ್ತವನು ಹೇಗೆ ಎದ್ದ ಅನ್ನುವುದಕ್ಕೆ ಅವರು ಸಬೂಬು ಹುಡುಕಲಿಲ್ಲ. ನೇರ ಸ್ಮಶಾನಕ್ಕೇ ಕರೆದುಕೊಂಡು ಹೋದರು. ಹಿಂದೆ ಜೇಸನ್‌ನನ್ನು ಕೊಂದ ಪುಟ್ಟ ಹುಡುಗ ಟಾಮಿ ಜಾರ್ವಿಸ್ ಈಗ ದೊಡ್ಡವನಾಗಿದ್ದಾನೆ. ಹೆಣ ಸುಟ್ಟುಬಿಟ್ಟರೆ ತಲೆಯಲ್ಲಿ ಕೂತ ಭಯ ಹೋದೀತು ಅಂತ ರಾತ್ರಿ ಬಂದು ಗೋರಿ ಅಗೆಯುತ್ತಾನೆ. ಪೆಟ್ಟಿಗೆ ತೆಗೆದರೆ ಹುಳ ಹರಿದಾಡುವ ಮುಖ. ಅವನಿಗೆ ಸಿಟ್ಟು ನೆತ್ತಿಗೇರುತ್ತದೆ. ಬೇಲಿಯ ಕಬ್ಬಿಣದ ಸರಳು ಕಿತ್ತು ಹೆಣಕ್ಕೆ ಮತ್ತೆ ಮತ್ತೆ ಚುಚ್ಚುತ್ತಾನೆ. ಸರಳು ಅಲ್ಲೇ ನೆಟ್ಟಗೆ ನಿಂತಿರುತ್ತದೆ. ಸಿಡಿಲು ಅದಕ್ಕೇ ಬಡಿಯುತ್ತದೆ. ಭಯ ಕಳೆದುಕೊಳ್ಳಲು ಬಂದವನೇ ಅದಕ್ಕೆ ಜೀವ ಕೊಟ್ಟುಬಿಟ್ಟ. ಇದಕ್ಕಿಂತ ಗಟ್ಟಿಯಾದ ಶುರು ಬೇಕಾ?

ಈ ಸಿಡಿಲು, ಹೆಣಕ್ಕೆ ಸಿಡಿಲಿನಿಂದ ಜೀವ ಬರುವ ಹಳೇ ಫ್ರಾಂಕನ್‌ಸ್ಟೈನ್ ಸಿನಿಮಾದ ಕೊಡುಗೆ ಅಂತ ನಿರ್ದೇಶಕರು ಮುಚ್ಚಿಡುವುದಿಲ್ಲ. 1931ರಲ್ಲಿ ಅದರ ದೈತ್ಯನ ಪಾತ್ರ ಮಾಡಿದ ಬೋರಿಸ್ ಕಾರ್ಲಾಫ್ ಹೆಸರನ್ನು ಇಲ್ಲಿ ಒಂದು ಅಂಗಡಿಗೆ ಇಟ್ಟಿದ್ದಾರೆ. ಎದ್ದ ಮೇಲೆ ಜೇಸನ್ ಕಣ್ಣು ತೆರೆಯ ತುಂಬಾ ಬರುತ್ತದೆ. ಆ ಕಣ್ಣೊಳಗೆ ಅವನೇ ನಡೆದು ಬಂದು, ನಮ್ಮ ಕಡೆ ತಿರುಗಿ ಮಚ್ಚು ಬೀಸುತ್ತಾನೆ, ಥೇಟ್ ಜೇಮ್ಸ್ ಬಾಂಡ್ ಶೈಲಿ. ನಗು ಬರುತ್ತದೆ. ಬರಲಿ ಅಂತಲೇ ಮಾಡಿದ್ದು. ನಕ್ಕವರ ಮೈ ಸಡಿಲವಾಗಿರುತ್ತದೆ, ಆಮೇಲೆ ಬೀಳುವ ಹೊಡೆತ ಜಾಸ್ತಿ ತಾಗುತ್ತದೆ.

ಓಡುತ್ತಿರುವ ಕ್ಯಾಂಪರ್ ವ್ಯಾನಿನ ದೃಶ್ಯವನ್ನು ಕಣ್ಣು ಮುಚ್ಚದೆ ನೋಡಿ. ಹುಡುಗ ಸ್ಟೀರಿಂಗ್ ಹಿಡಿದಿದ್ದಾನೆ, ಹಾಡು ಜೋರಾಗಿದೆ. ಹಿಂದೆ, ಇಕ್ಕಟ್ಟಿನ ಬಚ್ಚಲಲ್ಲಿ, ಜೇಸನ್ ಹುಡುಗಿಯ ಮುಖವನ್ನು ಗೋಡೆಗೆ ಒತ್ತುತ್ತಾನೆ. ಕ್ಯಾಮೆರಾ ಹೊರಗೆ ಬರುತ್ತದೆ. ವ್ಯಾನಿನ ತೆಳು ತಗಡಿನ ಮೇಲೆ ಅವಳ ಮುಖ, ಕಣ್ಣು ಮೂಗು ಬಾಯಿ ಸಮೇತ, ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹಾಗೆ ಉಬ್ಬಿ ಮೂಡುತ್ತದೆ. ರಕ್ತದ ಹನಿಯೂ ಇಲ್ಲ. ಆಮೇಲೆ ವ್ಯಾನು ಮಗುಚಿ ಬೀಳುತ್ತದೆ, ಬೆಂಕಿಯ ನಡುವೆ ಅದರ ಮೇಲೆ ಜೇಸನ್ ನಿಲ್ಲುತ್ತಾನೆ. ಮುಖವಾಡದ ಹಿಂದಿರುವವರು ಸಿ.ಜೆ. ಗ್ರಹಾಂ. ಮಾತಿಲ್ಲ, ಮುಖ ಕಾಣುವುದಿಲ್ಲ. ತಲೆ ತಿರುಗಿಸುವ ರೀತಿಯಲ್ಲೇ ಎಲ್ಲವನ್ನೂ ಹೇಳುತ್ತಾರೆ.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಮಕ್ಕಳ ಭಾಗ. ಕೆರೆ ದಂಡೆಯ ಬೇಸಿಗೆ ಶಿಬಿರದ ಕಥೆ ಅಂತ ಸರಣಿ ಶುರುವಾಯಿತಲ್ಲ, ಆದರೆ ಆ ಮೊದಲ ಸಿನಿಮಾದಲ್ಲಿ ಶಿಬಿರಕ್ಕೆ ಮಕ್ಕಳು ಬರುವ ಮುಂಚೆಯೇ ಎಲ್ಲ ಮುಗಿದಿರುತ್ತದೆ. ಇಲ್ಲಿ ಮಕ್ಕಳು ನಿಜಕ್ಕೂ ಬಂದು ಮಲಗಿದ್ದಾರೆ. ಜೇಸನ್ ಒಳಗೆ ಬರುತ್ತಾನೆ. ಒಂದು ಪುಟ್ಟ ಹುಡುಗಿ ಎಚ್ಚರವಾಗಿ ಅವನನ್ನು ನೋಡುತ್ತಾಳೆ, ಕಣ್ಣು ಬಿಗಿಯಾಗಿ ಮುಚ್ಚಿ ಪ್ರಾರ್ಥನೆ ಮಾಡುತ್ತಾಳೆ. ಅಷ್ಟು ಹೊತ್ತು ಕೊಲೆಗಳಿಗೆ ಚಪ್ಪಾಳೆ ತಟ್ಟಿದವರೂ ಉಸಿರು ಬಿಗಿಹಿಡಿಯುತ್ತಾರೆ. ಇನ್ನೊಂದು ಕಡೆ ಇಬ್ಬರು ಹುಡುಗರು ಮಂಚದ ಕೆಳಗೆ ಅಡಗಿದ್ದಾರೆ. ಒಬ್ಬ ಇನ್ನೊಬ್ಬನನ್ನು ಕೇಳುತ್ತಾನೆ, ದೊಡ್ಡವನಾದ ಮೇಲೆ ಏನಾಗಬೇಕು ಅಂತಿದ್ದೆ ಅಂತ. ನಗಬೇಕೋ ಅಳಬೇಕೋ ಹೇಳಿ. ಒಂದೇ ಮಾತಿನಲ್ಲಿ ಎರಡನ್ನೂ ತರುವುದು ಸುಮ್ನೆ ಆಗುವ ಕೆಲಸ ಅಲ್ಲ.

ಕೊರತೆಯೂ ಇದೆ. ಶೆರಿಫ್ ಟಾಮಿಯ ಮಾತನ್ನು ನಂಬದೆ ಲಾಕಪ್ಪಿಗೆ ಹಾಕುವುದು ಎಳೆದಂತಾಗಿದೆ. ಕಾಡಿನಲ್ಲಿ ಬಣ್ಣದ ಗುಂಡಿನ ಆಟ ಆಡಲು ಬರುವ ಆಫೀಸಿನವರು ಸಾಯುವುದಕ್ಕೆಂದೇ ಬಂದವರು. ದುಡ್ಡೂ ಐದನೆಯದಕ್ಕಿಂತ ಕಡಿಮೆಯೇ ಬಂತು. ಆದರೆ ಭಯದ ಸಿನಿಮಾದ ನಿಯಮ ಗೊತ್ತಿರುವ ಪಾತ್ರಗಳನ್ನು ಇಟ್ಟು ಆಡಿಸಿದ 'ಸ್ಕ್ರೀಮ್' ಬಂದದ್ದು 1996ರಲ್ಲಿ. ಇಲ್ಲಿ ಕಾರಿನಲ್ಲಿ ಕೂತ ಹುಡುಗಿ, ಮುಖವಾಡ ಹಾಕಿ ದಾರಿಗೆ ಅಡ್ಡ ನಿಂತವನು ಒಳ್ಳೆಯವನಲ್ಲ ಅಂತ ತಾನು ನೋಡಿದ ಸಿನಿಮಾಗಳ ಲೆಕ್ಕದಿಂದಲೇ ಹೇಳಿಬಿಡುತ್ತಾಳೆ. ಅದೂ ಹತ್ತು ವರ್ಷ ಮೊದಲು.

ಮುಗಿಯಿತು ಅಂತ ಹೆಸರುಗಳು ಬರುವಾಗ ಎದ್ದು ಹೋಗಬೇಡಿ. ರಾಕ್ ಗಾಯಕ ಆಲಿಸ್ ಕೂಪರ್ ಈ ಸಿನಿಮಾಕ್ಕೆಂದೇ ಹಾಡಿದ ಹಾಡು ಅಲ್ಲಿದೆ. ಕೇಳಿಯೇ ಹೋಗಿ. ದೀಪ ಆರಿಸಿ, ಶುರು ಮಾಡೋಣ.